ರಬಾತಿನ ಮಹಾಶಯರ ಕೋತಿ

ಚಿತ್ರದ ಮುಂದೆ ನಿಂತ ಇಝ್ಝಾಳಿಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಆಳೆತ್ತರದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಕೋತಿ. ಮೈಮೇಲಿನ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಕಣ್ಣಲ್ಲಿ ಜೀವಂತ ಹೊಳಪು. ಹಿಂದೆ ಮೊಳದುದ್ದದ ಬಾಲ!

ಅಜ್ರೂ ಊರಿನ ಸುತ್ತಲ ದೇವದಾರು ಕಾಡಿನ ಕೋತಿಗಳಿಗೆ ಬಾಲವೇ ಇಲ್ಲ. ಅಲ್ಲಿ ತೊದಲು ಮಾತಾಡುವ ಮಗುವಿಗೂ ಅದು ಗೊತ್ತು. ರಾಜಧಾನಿ ರಬಾತಿನಿಂದ ಬಂದ ಹೆಸರಾಂತ ಕಲಾವಿದ ಶ್ರೀಮಾನ್ ಝುಹೈರ್‌ಗೆ ಮಾತ್ರ ಗೊತ್ತಿರಲಿಲ್ಲ. ‘ನಮ್ಮ ಕಾಡಿನ ಜೀವಗಳು’ ಎಂದು ಊರಿನ ಕಲಾಭವನದಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದ ಮಹಾಶಯರು ಆ ಕಾಡಿನೊಳಗೆ ಕಾಲಿಟ್ಟವರಲ್ಲ. ಬೂಟಿಗೆ ಕೆಸರಾಗುತ್ತದಂತೆ. ಇಪ್ಪತ್ತು ವರ್ಷ ಆ ಕೆಸರಿನಲ್ಲೇ ಕೂತು, ಮರಗಟ್ಟಿದ ಬೆರಳುಗಳಿಂದ ಇಝ್ಝಾ ಬರೆದ ಕೋತಿಚಿತ್ರಗಳ ಪುಸ್ತಕವನ್ನು ಹಿಂದಿನ ದಿನವಷ್ಟೇ ಎರಡು ಬೆರಳಲ್ಲಿ ಮಗುಚಿ, “ಪರವಾಗಿಲ್ಲ ತಂಗಿ, ಮಕ್ಕಳ ಪುಸ್ತಕಕ್ಕೆ ಆಗತ್ತೆ” ಅಂದಿದ್ದರು.

ಕಲಾಭವನ ನೋಡಿಕೊಳ್ಳುವ ಬಹೀಜಾ ಓಡಿಬಂದಳು.

“ನಿನ್ನ ದಮ್ಮಯ್ಯ ಇಝ್ಝಾ, ಸಾಯಂಕಾಲ ಅಧಿಕಾರಿಗಳು ಬರ್ತಾರೆ. ಮಹಾಶಯರು ಊಟ ಮುಗಿಸಿ ಬರೋದ್ರೊಳಗೆ ಆ ಬಾಲ ಅಳಿಸಿಬಿಡೇ.”

“ನಾನ್ಯಾಕೆ ಅಳಿಸ್ಲಿ? ಬಾಲ ಅವರದ್ದು, ಅವರೇ ಎಳ್ಕೊಂಡು ಹೋಗ್ಲಿ.”

“ಊರಿನ ಮಾನ ಹೋಗತ್ತೆ ಕಣೇ!”

ಇಝ್ಝಾ ಗೊಣಗುತ್ತಲೇ ರಬ್ಬರ್ ತೆಗೆದಳು. ಸೀಸ ಹೋಯಿತು, ಗುರುತು ಹೋಗಲಿಲ್ಲ. ಮಹಾಶಯರು ಅಷ್ಟು ಒತ್ತಿ ಬರೆದಿದ್ದರು. ಕಾಗದದಲ್ಲಿ ಬಾಲದ ಹಳ್ಳ ಹಾಗೇ ಉಳಿಯಿತು.

ಸಂಜೆ ಜನ ಸೇರಿದರು. ಶ್ರೀಮಾನ್ ಝುಹೈರ್ ಚಿತ್ರದತ್ತ ಕೈ ಚಾಚಿ ಭಾಷಣ ಶುರುಮಾಡಿದವರು ಅರ್ಧಕ್ಕೇ ನಿಂತರು.

“ಯಾರು ನನ್ನ ಕೋತಿ ಬಾಲ ಕತ್ತರಿಸಿದ್ದು?”

ಕಾಡಿನ ದಾರಿಯಲ್ಲಿ ಕಡಲೆಕಾಯಿ ಮಾರುವ ಮುದುಕಿ ತೂಡಾ ಹಿಂದಿನಿಂದ ಕೂಗಿದಳು: “ಅಯ್ಯೋ ಯಜಮಾನ್ರೇ, ಅದನ್ನ ದೇವರೇ ಕತ್ತರಿಸಿ ಯಾವ ಕಾಲ ಆಯ್ತು!”

ಸಭೆಗೆ ಸಭೆಯೇ ನಕ್ಕಿತು. ಮಹಾಶಯರ ಕಿವಿ ಕೆಂಪಾಯಿತು. “ಇದು ಕಲಾವಿದನ ಸ್ವಾತಂತ್ರ್ಯ!”

“ಅಷ್ಟು ಸ್ವಾತಂತ್ರ್ಯ ಇದ್ದೋರು ಒಂದೊಂದೇ ಕೂದಲು ಬರೆಯೋ ಕಷ್ಟ ಯಾಕೆ ಪಟ್ರಿ?” ಅಂದಳು ಇಝ್ಝಾ. “ಗರಿ ಅಂಟಿಸಿದ್ರೆ ಮುಗೀತಿತ್ತು.”

ಮಹಾಶಯರು ಚಿತ್ರವನ್ನು ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದರು.

ಬಹೀಜಾ ಗಡಿಬಿಡಿಯಲ್ಲಿ ಇಝ್ಝಾಳ ಚಿತ್ರವೊಂದನ್ನು ತಂದು ಅದೇ ಮೊಳೆಗೆ ನೇತುಹಾಕಿದಳು. ಹಿಮದಲ್ಲಿ ಕೂತ ತಾಯಿಕೋತಿ, ಮಡಿಲಲ್ಲಿ ಕಪ್ಪು ಮರಿ. ಜನ ಚಪ್ಪಾಳೆ ತಟ್ಟಿದರು. ಇಝ್ಝಾ ಮುಸುಕು ಸರಿಪಡಿಸಿಕೊಂಡು ಗತ್ತಿನಿಂದ ನಿಂತಳು.

ಮೂವತ್ತು ವರ್ಷ ಕಾಡು ಕಾದ ಮುದುಕ ಬಾಸ್ಸು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನೋಡಿದ.

“ಮರಿ ಮೈ ಕಪ್ಪಗಿರೋದು ಹುಟ್ಟಿದ ನಾಲ್ಕೈದು ತಿಂಗಳು ಮಾತ್ರ. ಹುಟ್ಟೋದು ವಸಂತದಲ್ಲಿ. ಈ ತಾಯಿ ಬೆನ್ನ ಮೇಲೆ ಹಿಮ ಎಲ್ಲಿಂದ ಬಂತು ಮಗಳೇ?”

ಇಝ್ಝಾ ತನ್ನ ಚಿತ್ರವನ್ನು ಮತ್ತೆ ನೋಡಿದಳು. ತಾಯಿಯನ್ನು ಜನವರಿಯಲ್ಲಿ ಬರೆದಿದ್ದಳು, ಮರಿಯನ್ನು ಮೇ ತಿಂಗಳಲ್ಲಿ. ಮನೆಯಲ್ಲಿ ಬೆಚ್ಚಗೆ ಕೂತು ಎರಡನ್ನೂ ಒಂದೇ ಹಾಳೆಯಲ್ಲಿ ಸೇರಿಸಿದ್ದಳು, ನೋಡಲು ಚೆಂದವೆಂದು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮುಂದೆ ಹೋಗಿ ಚಿತ್ರ ಇಳಿಸತೊಡಗಿದಳು.

“ಏ, ಯಾರಿಗೂ ಗೊತ್ತಾಗಲ್ಲ, ಬಿಡೇ!” ಬಹೀಜಾ ಕೈ ಹಿಡಿದಳು.

“ಬಾಸ್ಸು ಚಿಕ್ಕಪ್ಪಂಗೆ ಗೊತ್ತಾಯ್ತಲ್ಲ,” ಎಂದು ಕೈ ಬಿಡಿಸಿಕೊಂಡು ಇಝ್ಝಾ ಚಿತ್ರದೊಡನೆ ಹೊರಬಂದಳು.

ಅಷ್ಟು ಹೊತ್ತಿಗೆ ಬಂದ ಅಧಿಕಾರಿಗಳು ಖಾಲಿ ಮೊಳೆಯ ಕೆಳಗೆ ನಿಂತು ಪುದೀನಾ ಚಹಾ ಕುಡಿದರು, ಪ್ರದರ್ಶನ ಅದ್ಭುತವೆಂದರು, ಫೋಟೊ ತೆಗೆಸಿಕೊಂಡರು.