ಖಾಲಿ ಎಂಬ ಮಾತು

ಬಂದರಿನ ಕಾವಲುಗೋಪುರದಲ್ಲಿ ಅವಳಿಗಿದ್ದ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಎದುರಿನ ಪಾಳು ನಡುಗಡ್ಡೆಯ ಮೇಲೆ ಸೈನ್ಯದವರು ಫಿರಂಗಿ ಹಾರಿಸಿ ಅಭ್ಯಾಸ ಮಾಡುವ ದಿನ, ಬೆಳಿಗ್ಗೆ ಹೊರಟ ದೋಣಿಗಳೆಲ್ಲ ಮರಳಿದವೇ ಎಂದು ಎಣಿಸಬೇಕು, ಕೆಂಪು ಬಾವುಟ ಏರಿಸಬೇಕು, ಫೋನೆತ್ತಿ 'ಖಾಲಿ' ಎನ್ನಬೇಕು. ಹನ್ನೊಂದು ವರ್ಷದಿಂದ ಅದೊಂದೇ ಮಾತು. ಆ ತುದಿಯ ಸಿಪಾಯಿಯೂ ಅಷ್ಟೇ, ಆ ಪದ ಕಿವಿಗೆ ಬಿದ್ದದ್ದೇ ತಡ ಫೋನಿಟ್ಟುಬಿಡುತ್ತಿದ್ದ. ನಮಸ್ಕಾರ ಕೇಳಿಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದ ಮನುಷ್ಯ.

ಆ ದಿನ ಮೂರು ಗಂಟೆಯ ಅಭ್ಯಾಸ ಹನ್ನೊಂದಕ್ಕೇ ಬಂದಿತ್ತು. ಅವಳಿಗೆ ತಿಳಿದದ್ದು ಹತ್ತೂವರೆಗೆ. ಹೊರಟ ದೋಣಿ ಒಂಬತ್ತು, ಮರಳಿದ್ದೂ ಒಂಬತ್ತು. ಬಾವುಟ ಏರಿಸಿ ಫೋನಿಗೆ ಕೈ ಹಾಕುವಷ್ಟರಲ್ಲಿ ಮೈದುನ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಬಾಗಿಲು ಹಿಡಿದು ನಿಂತ.

"ಅತ್ತಿಗೆ, ಬಾವುಟ ಯಾಕೆ ಈಗ್ಲೇ ಏರಿದೆ? ಅಣ್ಣ ಅಲ್ಲೇ ಇದಾನೆ."

ಅವನ ಬಾಯಿಂದ ಉಳಿದದ್ದೂ ಹೊರಬಿತ್ತು. ಸಿಡಿದ ಗುಂಡುಗಳ ತಾಮ್ರದ ಚೂರು ಕದ್ದು ಹೆಕ್ಕಲು ಅಣ್ಣ ನಡುಗಡ್ಡೆಯಲ್ಲಿ ಇಳಿದುಕೊಂಡಿದ್ದ, ತಮ್ಮ ದೋಣಿ ತಂದು ಕಟ್ಟಿದ್ದ. ಒಂದು ಗಂಟೆಗೆ ಹೋಗಿ ಕರೆತರುವ ಏರ್ಪಾಟು. ಉಪಾಯವನ್ನು ಇವರಿಗೆ ಕೊಟ್ಟವಳು ಅವಳೇ. "ನಾನೆಣಿಸೋದು ದೋಣೀನ, ತಲೇನಲ್ಲ" ಎಂದು ಊಟಕ್ಕೆ ಕೂತಾಗ ಜಂಬ ಕೊಚ್ಚಿಕೊಂಡಿದ್ದಳಲ್ಲ, ಆ ಮಾತು ಈಗ ಅವಳ ಕೊರಳಿಗೇ ಸುತ್ತಿಕೊಂಡಿತು.

ಹೇಳಿದರೆ ಗಂಡ ಜೈಲಿಗೆ, ಅವಳು ಮನೆಗೆ. ಹೇಳದಿದ್ದರೆ ಏನೆಂದು ಯೋಚಿಸುವ ಧೈರ್ಯ ಅವಳಿಗಿರಲಿಲ್ಲ. ಫೋನೆತ್ತಿದಳು.

"ಹಲೋ, ಖಾಲಿ..."

ಆ ಕಡೆ ಟಕ್ ಎಂದಿತು. 'ಇಲ್ಲ' ಎಂಬುದು ಅವಳ ಬಾಯಲ್ಲೇ ಉಳಿಯಿತು. ನಮ್ಮ ಮಾತಿನಲ್ಲಿ 'ಇಲ್ಲ' ಬರುವುದೇ ಕೊನೆಗೆ. ಕೇಳುವವನಿಗೆ ಅಲ್ಲಿಯವರೆಗೆ ತಾಳ್ಮೆ ಬೇಕಲ್ಲ.

ಮತ್ತೆ ಮಾಡಿದಳು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಆ ಪುಣ್ಯಾತ್ಮ ತನ್ನ ಅಧಿಕಾರಿಗೆ ಸುದ್ದಿ ಮುಟ್ಟಿಸಲು ಹೋಗಿರಬೇಕು. ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ. ಬಾವುಟ ಇಳಿದರೆ ಫಿರಂಗಿ ನಿಲ್ಲಬೇಕು, ಅದು ನಿಯಮ. ಅವಳು ಬಾವುಟದ ಹಗ್ಗದತ್ತ ಧಾವಿಸಿದಳು. ಗಾಳಿಗೆ ಬಿಚ್ಚದಿರಲೆಂದು ಅವಳೇ ಬಿಗಿದ ಗಂಟು ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ಉಗುರು ಕಿತ್ತು ರಕ್ತ ಬಂತು. ಮೈದುನ ಸೊಂಟದ ಚೂರಿ ತೆಗೆದು ಹಗ್ಗವನ್ನೇ ಕೊಯ್ದ. ಬಾವುಟ ಅವಳ ತಲೆಯ ಮೇಲೇ ಬಿತ್ತು.

ಅಷ್ಟರಲ್ಲಿ ಒಂದು ಗುಂಡು ಹಾರಿಯಾಗಿತ್ತು.

ನಡುಗಡ್ಡೆ ಧೂಳಿನಲ್ಲಿ ಮುಚ್ಚಿಹೋಯಿತು. ಎರಡನೆಯ ಸದ್ದು ಬರಲಿಲ್ಲ. ಫೋನು ಹೊಡೆದುಕೊಂಡಿತು. ಅವಳು ಒಂದು ಕೈಯಲ್ಲಿ ಅದನ್ನೆತ್ತಿ, ಇನ್ನೊಂದರಲ್ಲಿ ದುರ್ಬೀನನ್ನು ಕಣ್ಣಿಗೊತ್ತಿಕೊಂಡಳು.

"ಬಾವುಟ ಯಾಕಮ್ಮ ಇಳೀತು? ಖಾಲಿ ಅಂದ್ರಲ್ಲ?"

ಅವಳು ದುರ್ಬೀನನ್ನು ದಡದುದ್ದಕ್ಕೂ ಹೊರಳಿಸಿದಳು. ಬರೀ ಧೂಳು. ಆಮೇಲೆ ಬಂಡೆ. ಯಾರೂ ಇಲ್ಲದ ದಡ.

"ಖಾಲೀನೋ ಅಲ್ವೋ, ಅದಾದ್ರೂ ಹೇಳಿ."

ಆ ಪದವನ್ನು ಇನ್ನು ಜನ್ಮದಲ್ಲಿ ಬಾಯಿಗೆ ತರಲಾರೆ ಅನ್ನಿಸಿತು ಅವಳಿಗೆ. ಬಂಡೆಯ ಹಿಂದಿನಿಂದ ಏನೋ ಅಲುಗಿತು. ಒಬ್ಬ ಮನುಷ್ಯ ನೀರಿನ ಕಡೆಗೆ ಕುಂಟುತ್ತ ಬಂದು, ಅಂಗಿ ಬಿಚ್ಚಿ ಬೀಸತೊಡಗಿದ.

"ಇದಾನೆ" ಎಂದಳು.

ಸಿಪಾಯಿ ಯಾರೆಂದು ಕೇಳಿದ. ಯಾರೋ ಬೆಸ್ತರವನು ಎಂದುಬಿಡಬಹುದಿತ್ತು.

"ನನ್ನ ಗಂಡ. ಇದಾನೆ."