ಕಾಳು ಬೀಳುವ ಮೂಲೆ

ಅಕ್ಕನ ಮನೆಯ ಮೀನಿನ ತೊಟ್ಟಿಯನ್ನು ಮಾರಲು ಒಂದು ಒಳ್ಳೆಯ ಫೋಟೋ ಬೇಕಿತ್ತು. ಮದುವೆಗಳಲ್ಲಿ ಗಂಟುಮುಖದವರನ್ನೂ ನಗಿಸಿ ಫೋಟೋ ಹೊಡೆಯುವ ತಮ್ಮನಿಗೆ ಇದೇನು ಮಹಾ ಎನಿಸಿತ್ತು. ಮೀನುಗಳು ಅವನ ಸೊಕ್ಕು ಇಳಿಸಿದವು. ನೇರವಾಗಿ ಫ್ಲ್ಯಾಶ್ ಹೊಡೆದರೆ ಗಾಜಿನಲ್ಲಿ ಬೆಳಕಿನ ಗುಡ್ಡೆ, ಓರೆಯಾಗಿ ಹಿಡಿದರೆ ಟಿವಿ, ಗಡಿಯಾರ, ಅವನದೇ ಮೂಗು. ಕೊನೆಗೆ ಹಾಡಹಗಲೇ ಕಿಟಕಿ ಪರದೆ ಎಳೆದು, ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಬೋರಲು ಮಲಗಿಸಿ, ಲೆನ್ಸನ್ನು ಮುಂದಿನ ಗಾಜಿಗೆ ಒತ್ತಿ ಹಿಡಿದ.

ಅಕ್ಕ ತೊಟ್ಟಿಯ ಬಲಕ್ಕಿದ್ದ ಸೋಫಾದಲ್ಲಿ ಕೂತಿದ್ದಳು. ಭಾವ ತೀರಿಕೊಂಡ ಮೇಲೆ ಅವಳ ಮಾತು ಕಡಿಮೆಯಾಗಿತ್ತು. ಭಾವ ಇದ್ದಾಗಲಾದರೂ ಏನು, ಆ ಮನೆಯಲ್ಲಿ ಮಾತಿನ ಭಾಗ್ಯ ಇದ್ದದ್ದು ಮೀನುಗಳಿಗೇ. ಕೆಲಸದಿಂದ ಬಂದವರು ಚಪ್ಪಲಿಯನ್ನೂ ಬಿಡದೆ ತೊಟ್ಟಿಯ ಎಡಮೂಲೆಯಲ್ಲಿ ನಿಂತು, ಕಾಳು ಉದುರಿಸುತ್ತ, "ಏನ್ರೋ, ಹಸಿವಾಯ್ತಾ?" ಎನ್ನುತ್ತಿದ್ದರು. ಹೆಂಡತಿಯನ್ನು ಅವರು ಹಾಗೆ ಕೇಳಿದ್ದನ್ನು ತಮ್ಮನಂತೂ ಕಂಡಿರಲಿಲ್ಲ.

"ಮಾರೋದು ಸರಿನಾ ಅಂತ ಇನ್ನೂ ಮನಸ್ಸು ಹೊಯ್ದಾಡ್ತಿದೆ ಕಣೋ," ಎಂದಳು ಅಕ್ಕ. "ಅವರ ಜೀವ ಎಲ್ಲಾ ಇದರಲ್ಲೇ ಇತ್ತು."

"ಮೊದ್ಲು ಫೋಟೋ ಬರ್ಲಿ ಇರು."

ಫ್ಲ್ಯಾಶ್ ಮಿಂಚಿತು. ಚಿತ್ರದಲ್ಲಿ ದಷ್ಟಪುಷ್ಟ ಮೀನುಗಳೆಲ್ಲ ಎಡಮೂಲೆಗೆ ಮುಖ ಮಾಡಿದ್ದವು. ಅಲ್ಲಿ ನೀರಿನ ಮೇಲ್ಭಾಗದಲ್ಲಿ ಬಿಳಿ ಚುಕ್ಕಿಗಳಿದ್ದವು.

"ನೀರಲ್ಲಿ ಕಸ ಇದೆ ಅಕ್ಕ. ಫ್ಲ್ಯಾಶಿಗೆ ಅದೇ ಮೊದ್ಲು ಕಾಣೋದು."

"ಫೋಟೋಗೆ ಅಂತ ಬೆಳಿಗ್ಗೆ ತಾನೇ ನೀರು ಬದಲಾಯಿಸಿದೀನಿ."

ಮತ್ತೊಂದು ತೆಗೆದ. ಚುಕ್ಕಿಗಳು ಕೆಳಗಿಳಿದಿದ್ದವು. ಇನ್ನೊಂದರಲ್ಲಿ ಮೀನುಗಳು ಬಾಯಿ ತೆರೆದಿದ್ದವು. ಕಸವಾದರೆ ತೊಟ್ಟಿಯ ತುಂಬ ಹರಡಬೇಕು. ಇದು ಚಿಟಿಕೆಯಿಂದ ಉದುರಿಸಿದ ಹಾಗೆ ಒಂದೇ ಕಡೆ ಬೀಳುತ್ತಿತ್ತು. ಮುಚ್ಚಳ ಮುಚ್ಚಿಯೇ ಇತ್ತು.

"ಇವಕ್ಕೆ ಈಗ ಊಟ ಹಾಕಿದ್ಯಾ?"

"ಅವರು ಹೋದ್ಮೇಲೆ ಇಷ್ಟು ತಿಂಗಳು ನಾನು ಆ ಕಾಳಿನ ಡಬ್ಬಿ ಮುಟ್ಟೇ ಇಲ್ಲ. ಹೊಟ್ಟೆಕಿಚ್ಚು ಅಂತ್ಲೇ ಅನ್ಕೋ. ಸಾಯ್ಲಿ ಅಂತ ಬಿಟ್ಟೆ. ನೀನೇ ನೋಡ್ತಿದೀಯಲ್ಲ, ಹೇಗೆ ಮೈ ತುಂಬ್ಕೊಂಡಿವೆ."

ಮದುವೆಮನೆಗಳಲ್ಲಿ ಯಾರಿಗೂ ಸೊಪ್ಪು ಹಾಕದ ಗಂಡಸಿಗೆ ಈಗ ಎಡಕ್ಕೆ ಕತ್ತು ಹೊರಳಿಸುವ ಧೈರ್ಯವೂ ಬರಲಿಲ್ಲ. ಅಕ್ಕ ಮಾತ್ರ ಹೆದರಿರಲಿಲ್ಲ. ಅವಳ ಮುಖದಲ್ಲಿ ಆಸೆಯಿತ್ತು. ಅದನ್ನು ಕಂಡೇ ಅವನಿಗೆ ಹೆಚ್ಚು ಭಯವಾಯಿತು.

"ನಂದೊಂದು ತೆಗಿಯೋ," ಎಂದಳು. ಕೂದಲು ಸರಿಮಾಡಿಕೊಂಡು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಸರಿದು ಕೂತಳು.

ಅವನು ಫ್ಲ್ಯಾಶನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ಹಿಂದಕ್ಕೆ ಸರಿದು, ಸೋಫಾ ಮತ್ತು ತೊಟ್ಟಿ ಎರಡೂ ಬರುವ ಹಾಗೆ ತೆಗೆದ. ನೋಡುವ ಮೊದಲೇ ಅವಳು ಕ್ಯಾಮೆರಾ ಇಸಿದುಕೊಂಡಳು.

ಚಿತ್ರದಲ್ಲಿ ಅಕ್ಕ ಒಬ್ಬಳೇ ಸಣ್ಣಗೆ ನಗುತ್ತಿದ್ದಳು. ಪಕ್ಕದ ಜಾಗ ಖಾಲಿ. ತೊಟ್ಟಿಯಲ್ಲಿ, ಅವಳಿಂದ ದೂರದ ಆ ಮೂಲೆಯಲ್ಲಿ, ಕಾಳು ಬೀಳುತ್ತಲೇ ಇತ್ತು.

"ಈಗ್ಲೂ ಅಲ್ಲೇ," ಎಂದಳು. ಎದ್ದು ಹೋಗಿ ಕಿಟಕಿ ಪರದೆಯನ್ನು ಸರ್ರನೆ ತೆರೆದಳು. "ಮಾರ್ಬಿಡು. ಇವತ್ತೇ."

"ಅಕ್ಕಾ, ಭಾವ..."

"ತಗೊಳ್ಳೋರಿಗೆ ಹೇಳು, ಊಟ ಹಾಕೋ ತಾಪತ್ರಯ ಇರಲ್ಲ ಅಂತ."