ತಿರುಗಿಸದ ಗಾಜು

ಸೂರ್ಯಚಂದ್ರರನ್ನು ಕಣ್ಣುಗಳಾಗಿ ಉಳ್ಳ ಪರಮಾತ್ಮನೇ, ನಿನ್ನ ಆಕಾಶವನ್ನು ತಟ್ಟೆಯಗಲದ ಗಾಜಿನಲ್ಲಿ ಹಿಡಿಯಹೊರಟ ಇಬ್ಬರ ಈ ವೃತ್ತಾಂತವನ್ನು ಹೇಳುವಾಗ ನಾಲಗೆ ಸುಳ್ಳಾಡದಂತೆ ಕಾಪಾಡು.

"ಚುಕ್ಕಿ ಅಲ್ಲ ಕಣೋ ಇದು, ಅಕ್ಕಿಕಾಳು," ಎಂದಳು ಅಕ್ಕ, ಮಸೂರದಿಂದ ಕಣ್ಣು ತೆಗೆಯದೆ.

ಕಿಟಕಿಗಳಿಗೆ ಕಂಬಳಿ ಹೊದಿಸಿ ಹಗಲನ್ನು ಹೊರಗಿಟ್ಟ ಕೋಣೆ. ಒಂದು ತುದಿಯಲ್ಲಿ ದೂರದರ್ಶಕದ ಹೊಸ ಕನ್ನಡಿ; ಇನ್ನೊಂದು ತುದಿಯಲ್ಲಿ ಸೂಜಿರಂಧ್ರದಿಂದ ಬೆಳಕು ಬಿಡುವ ದೀಪ, ಅದರ ಪಕ್ಕದಲ್ಲಿ ಅಕ್ಕ. ಕನ್ನಡಿ ನಿರ್ದುಷ್ಟವಾಗಿದ್ದರೆ ಆ ಬೆಳಕು ದುಂಡನೆಯ ಚುಕ್ಕಿಯಾಗಿ ಮರಳಬೇಕು. ಗಡಿಯಾರ ರಿಪೇರಿಯ ತಮ್ಮ ಉಜ್ಜುವುದು, ನಿವೃತ್ತ ಗಣಿತದ ಟೀಚರಾದ ಅಕ್ಕ ಪರೀಕ್ಷಿಸುವುದು ಹಿಂದಿನ ಎರಡು ಕನ್ನಡಿಗಳಿಂದ ಬಂದ ಕ್ರಮ. ಅವುಗಳಲ್ಲಿ ಈ ದೋಷವಿರಲಿಲ್ಲ.

"ಸ್ಟ್ಯಾಂಡಿನ ಬಿಗಿ ಜಾಸ್ತಿ ಆಗಿರ್ಬೇಕು. ಅದಕ್ಕೇ ಗಾಜು ಬಾಗಿದೆ," ಎಂದ ತಮ್ಮ.

ಅವಳು ಕನ್ನಡಿಯನ್ನು ಸ್ಟ್ಯಾಂಡಿನಲ್ಲಿಯೇ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿದಳು. ಅಡ್ಡಲಾಗಿದ್ದ ಅಕ್ಕಿಕಾಳು ನೆಟ್ಟಗೆ ನಿಂತಿತ್ತು.

"ಸ್ಟ್ಯಾಂಡಿನ ಮೇಲೆ ಯಾಕೋ ಗೂಬೆ ಕೂರಿಸ್ತೀಯ? ದೋಷ ಗಾಜಿನ ಜೊತೇನೇ ತಿರುಗ್ತಿದೆ. ಆರು ಸಲ ಉಜ್ಜಿದ್ಮೇಲೆ ಗಾಜನ್ನ ಒಂದಿಷ್ಟು ತಿರುಗಿಸ್ಬೇಕಲ್ವಾ? ತಿರುಗಿಸಿಲ್ಲ ನೀನು."

"ಮರ್ತಿರ್ಬೇಕು."

"ಐವತ್ತೆರಡು ವರ್ಷದಲ್ಲಿ ನೀನು ಮರ್ತಿರೋದು ನನ್ನ ಹುಟ್ಟುಹಬ್ಬ ಒಂದೇ."

ಅವನು ನಗಲಿಲ್ಲ. ಅವಳು ಕಂಬಳಿ ಸರಿಸಿದಳು. ಉಜ್ಜಲು ಮೇಜಿನಂತೆ ನಿಲ್ಲಿಸಿದ್ದ ಪೀಪಾಯಿಯ ಮೇಲೆ ನೀರು ಚಿಮುಕಿಸಿ, ಕನ್ನಡಿಯನ್ನು ಬೋರಲಾಗಿಟ್ಟು, "ತಿರುಗಿಸಿ ತೋರ್ಸು," ಎಂದಳು.

ಬಲಗೈ ಅಂಚನ್ನು ಹಿಡಿಯಿತು. ಎಡಗೈಯ ಬೆರಳುಗಳು, ಬೇರೆ ಯಾರವೋ ಎಂಬಂತೆ, ಒದ್ದೆ ಗಾಜಿನ ಮೇಲಿಂದ ಜಾರಿಬಿದ್ದವು. ಗಾಜು ಕದಲಲಿಲ್ಲ.

ಅಪ್ಪನಿಗೂ ಎಡಗೈಯಿಂದಲೇ ಆರಂಭವಾಗಿತ್ತು. ಮೊದಲು ಅಂಗಿಯ ಗುಂಡಿ, ಆಮೇಲೆ ತುತ್ತು, ಎರಡನೆಯ ವರ್ಷದ ಕೊನೆಗೆ ಉಸಿರು. ವಂಶದಲ್ಲಿ ಹರಿದುಬರುವ ಕಾಯಿಲೆಯೆಂದು ವೈದ್ಯರು ಅಕ್ಕತಮ್ಮಂದಿರನ್ನು ಕೂರಿಸಿಕೊಂಡು ಹೇಳಿದ್ದರು.

"ಎಷ್ಟು ದಿನ ಆಯ್ತೋ?"

"ಆರು ತಿಂಗಳು."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನಿನ್ನ ಕೈ ನೋಡ್ತಾ ಇದ್ದೆ ಅಕ್ಕ. ಲೋಟ ಎತ್ತುವಾಗ, ಬೀಗ ಹಾಕುವಾಗ. ನಿಂಗೆ ಬಂದಿಲ್ಲ ಅಂತ ಖಾತ್ರಿ ಆಗ್ಲಿ ಅಂತ."

ಅವಳು ರವಿಕೆಯ ತೋಳು ಮಡಚಿ, ಅವನನ್ನು ಭುಜ ಹಿಡಿದು ಮೆಲ್ಲನೆ ಸರಿಸಿ, ಎರಡೂ ಅಂಗೈಗಳನ್ನು ಗಾಜಿನ ಮೇಲೆ ಊರಿದಳು.

"ಎಣಿಸು."

ಅವನು ಬಲಗೈಯಿಂದ ಪಾಲಿಶಿನ ಕೆಂಪು ನೀರನ್ನು ತೊಟ್ಟಿಕ್ಕಿಸುತ್ತ ಎಣಿಸಿದ. ಆರಕ್ಕೆ ಅವಳು ಗಾಜನ್ನು ತಿರುಗಿಸಿ, ಪೀಪಾಯಿಯ ಸುತ್ತ ಒಂದು ಹೆಜ್ಜೆ ಸರಿದಳು. ಮತ್ತೆ ಒಂದು, ಎರಡು, ಮೂರು. ಅವನ ದೃಷ್ಟಿ ಕನ್ನಡಿಯ ಮೇಲಿರಲಿಲ್ಲ. ಅವಳ ಎಡಗೈಯ ಕಿರುಬೆರಳಿನ ಮೇಲಿತ್ತು.

ಇದನ್ನು ಓದಿದವರ, ಕೇಳಿದವರ ಕೈಗಳ ಕಸುವು ಕುಂದದಿರಲಿ. ಕುಂದಿದ ದಿನ, ಅವರ ಕೆಲಸಕ್ಕೆ ಕೈಯೂರುವವರು ಸಮೀಪದಲ್ಲಿರಲಿ.